ಸ್ಕೀಮ್ ಒಳಗೆ ಈಮ್ಯಾಕ್ಸ್ ಲಿಸ್ಪ್: ಚೌಕ ಆವರಣ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಈಮ್ಯಾಕ್ಸ್ (ಟೆಕ್ಸ್ಟ್ ಎಡಿಟರ್) ಸೆಟ್ಟಿಂಗ್ಸನ್ನೆಲ್ಲ ಗೀಕ್ಸ್ ಹೋಮ್ (ನಮ್ಮ ಸೆಟ್ಟಿಂಗ್ಸನ್ನು ಸ್ಕೀಮ್ ಭಾಷೆಯಲ್ಲಿ ಬರೆದಿಡುವ ಸಾಧನ) ಫೈಲಿನೊಳಗೇ ಬ್ಯಾಕ್‌ಕೋಟ್ (ಕೋಡನ್ನು ನಡೆಸದೆ ಡೇಟಾ ಆಗಿ ಇಡುವ ` ಗುರುತು) ಹಾಕಿ ಬರೆದೆ. ಸ್ಕೀಮ್, ಈಮ್ಯಾಕ್ಸ್ ಲಿಸ್ಪ್ ಎರಡೂ ಲಿಸ್ಪ್ ಕುಟುಂಬದ ಭಾಷೆಗಳೇ ತಾನೆ, ನಡೆಯುತ್ತೆ ಅಂದುಕೊಂಡೆ. ಎಫ್5 ಕೀಯನ್ನು ಚೌಕ ಆವರಣದಲ್ಲಿ ಬರೆದಿದ್ದೆ. ಅದರಿಂದ ಹೊರಬಂದ ಈಮ್ಯಾಕ್ಸ್ ಫೈಲಿನಲ್ಲಿ ಅದು ದುಂಡು ಆವರಣವಾಗಿದೆ! ಎಫ್5 ಅನ್ನೋ ಫಂಕ್ಷನ್ನೇ ಇಲ್ಲ ಅಂತ ಈಮ್ಯಾಕ್ಸ್ ಬೈಯುತ್ತಿದೆ.

ಉತ್ತರ 1: ಅದನ್ನು ಮೊದಲು ಓದೋದು ಗೈಲ್ (ಗೀಕ್ಸ್ ಬಳಸುವ ಸ್ಕೀಮ್), ಈಮ್ಯಾಕ್ಸ್ ಅಲ್ಲ. ಗೈಲ್‌ಗೆ ಎರಡೂ ಆವರಣ ಒಂದೇ, ಆದರೆ ದುಂಡು ಆವರಣ ಕಂಡರೆ ಈಮ್ಯಾಕ್ಸ್ ಅದನ್ನು ಫಂಕ್ಷನ್ ಕರೆ ಅಂದುಕೊಳ್ಳುತ್ತೆ. ಈಮ್ಯಾಕ್ಸಿನ ಕೆಬಿಡಿ (kbd) ಬಳಸಿ, ಕೀ ಹೆಸರನ್ನು ಸ್ಟ್ರಿಂಗ್ ಆಗಿ ಕೊಡಿ. ಫಂಕ್ಷನ್ ಹೆಸರಿನ ಮುಂದೆ ಹಾಕುವ ಹ್ಯಾಶ್-ಕೋಟ್ (#') ಕೂಡ ಬೇಡ, ಗೈಲ್ ಅದನ್ನು ‘ಸಿಂಟ್ಯಾಕ್ಸ್’ ಅಂತ ಓದುತ್ತೆ. ‘ಫಂಕ್ಷನ್’ ಅಂತ ಪೂರ್ತಿ ಬರೆಯಿರಿ.

ಉತ್ತರ 2: ನಾನೂ ಒಂದು ಭಾನುವಾರ ಇದರಲ್ಲೇ ಕಳೆದೆ. ಹೊರಬಂದ ಫೈಲಿನಲ್ಲಿ ನನ್ನ ಕಾಮೆಂಟ್‌ಗಳೂ ಮಾಯ! ಈಗ ಸುಮ್ನೆ ಇನಿಟ್ ಫೈಲನ್ನು (ಈಮ್ಯಾಕ್ಸ್ ಶುರುವಾಗುವಾಗ ಓದುವ ಸೆಟ್ಟಿಂಗ್ಸ್ ಫೈಲ್) ಬೇರೆ ಇಟ್ಟು, ಗೀಕ್ಸಿನ ಲೋಕಲ್-ಫೈಲ್ (local-file) ಮೂಲಕ ಹಾಗೇ ಸೇರಿಸುತ್ತೇನೆ.

ಪ್ರಶ್ನೆ ಕೇಳಿದವರು: ಕೆಬಿಡಿ ಕೆಲಸ ಮಾಡಿತು, ಥ್ಯಾಂಕ್ಸ್. ಕಾಮೆಂಟ್ ಹೋಗಿದ್ದು ಈಗಷ್ಟೇ ನೋಡಿದೆ, ಅಯ್ಯೋ.