ಕಾರ್ಪೆಟ್ ಅಡಿಯ ಹಲಗೆ ಕಿರ್ ಅನ್ನುತ್ತೆ, ಮೇಲಿಂದಲೇ ಮೊಳೆ ಹೊಡೆಯಬಹುದಾ?

ವಿರಾಜಪೇಟೆಯಿಂದ:
ಅಜ್ಜನ ಕಾಲದ ತೋಟದ ಮನೆ, ಮಹಡಿ ಪೂರ್ತಿ ಮರದ ಹಲಗೆ. ಹೋಂಸ್ಟೇಗೆ ಅಂತ ಒಂದು ರೂಮಿಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಿದೆ. ಮಳೆಗಾಲದಲ್ಲಿ ಸದ್ದೇ ಇಲ್ಲ. ಫೆಬ್ರವರಿ ಬಂದರೆ ಮಂಚದಿಂದ ಬಾತ್‌ರೂಮಿನ ದಾರಿಯಲ್ಲಿ ನಾಲ್ಕು ಕಡೆ ಕಿರ್ರ್. ಗೆಸ್ಟ್ ರಾತ್ರಿ ಎಷ್ಟು ಸಲ ಎದ್ದರು ಅಂತ ಕೆಳಗೆ ಮಲಗೋ ಅಮ್ಮ ಬೆಳಿಗ್ಗೆ ಲೆಕ್ಕ ಹೇಳ್ತಾರೆ. ಕಾರ್ಪೆಟ್ ಮೇಲಿಂದಲೇ ಉದ್ದ ಮೊಳೆ ಹೊಡೆದರೆ ನಿಲ್ಲುತ್ತಾ?

ಕುಶಾಲನಗರದಿಂದ:
ಸಂದಿಗೆ ಟಾಲ್ಕಂ ಪೌಡರ್ ಸುರಿಯಿರಿ. ನಮ್ಮಲ್ಲಿ ನಿಂತಿತು.

ಸೋಮವಾರಪೇಟೆ, ಮರಗೆಲಸ:
ಹಲಗೆಗೆ ಹಲಗೆ ಉಜ್ಜೋ ಸದ್ದಿಗೆ ಪೌಡರ್ ಸರಿ. ಕಾರ್ಪೆಟ್ ಮುಚ್ಚಿರುವಾಗ ಸುರಿಯೋದು ಎಲ್ಲಿಗೆ?

ಮೊಳೆ ಮಾತ್ರ ಬೇಡ ಅಣ್ಣ. ಈಗ ಕೂಗ್ತಿರೋದೇ ಹಳೇ ಮೊಳೆ. ಬೇಸಿಗೆಗೆ ಮರ ಒಣಗಿ ಕುಗ್ಗಿ, ಹಲಗೆಗೂ ಜಂತೆಗೂ ನಡುವೆ ಕಾಗದದಷ್ಟು ಸಂದಿ ಬಿದ್ದಿರುತ್ತೆ. ಕಾಲಿಟ್ಟಾಗ ಹಲಗೆ ಮೊಳೆಯ ಮೈ ಉಜ್ಜಿಕೊಂಡು ಇಳಿಯುತ್ತೆ. ಮಳೆಗೆ ಉಬ್ಬಿದರೆ ಸಂದಿ ಮುಚ್ಚಿ ಸುಮ್ಮನಾಗುತ್ತೆ. ಮಳೆಗಾಲದಲ್ಲೂ ಸದ್ದಿದ್ದು ಕಾಲಿಗೆ ಮೆತ್ತಗೆ ಸಿಕ್ಕಿದ್ದರೆ ಮೊದಲು ಗೆದ್ದಲು ನೋಡಿ ಅಂತಿದ್ದೆ.

ಕೆಳಗಿಂದ ಜಂತೆ ಕಾಣುತ್ತಾ?

ವಿರಾಜಪೇಟೆಯಿಂದ:
ಮೂರು ಕಡೆ ಕಾಣುತ್ತೆ. ಬಾತ್‌ರೂಮ್ ಪಕ್ಕ ಪ್ಲೈವುಡ್ ಸೀಲಿಂಗ್ ಉಂಟು, ವೈರಿಂಗೂ ಅಲ್ಲೇ.

ಸೋಮವಾರಪೇಟೆ, ಮರಗೆಲಸ:
ಮೇಲೆ ಯಾರಾದರೂ ನಡೀಲಿ, ನೀವು ಕೆಳಗೆ ಟಾರ್ಚ್ ಹಿಡಿದು ನಿಲ್ಲಿ. ಹಲಗೆ ಕೂತೇಳೋದು ಕಣ್ಣಿಗೇ ಕಾಣುತ್ತೆ. ಆ ಸಂದಿಗೆ ತೆಳು ಬೆಣೆ ಕೆತ್ತಿ, ಎರಡೂ ಮೈಗೆ ಫೆವಿಕಾಲ್ ಸವರಿ, ಬೆರಳಲ್ಲೇ ಒತ್ತಿ. ಸುತ್ತಿಗೆಯಲ್ಲಿ ಬಡಿದರೆ ಹಲಗೆ ಎದ್ದು ಪಕ್ಕದಲ್ಲಿ ಹೊಸ ಸದ್ದು ಹುಟ್ಟುತ್ತೆ, ಮಳೆಗೆ ಉಬ್ಬೋಕೂ ಜಾಗ ಇರಲ್ಲ.

ಸೀಲಿಂಗ್ ಇರೋ ಕಡೆ ಕಾರ್ಪೆಟ್ ಮೂಲೆ ಎತ್ತಲೇಬೇಕು. ಹೆದರಬೇಡಿ, ಗೋಡೆ ಅಂಚಿನ ಮುಳ್ಳುಪಟ್ಟಿಗೆ ಸಿಕ್ಕಿಸಿರ್ತಾರೆ ಅಷ್ಟೆ, ಇಕ್ಕಳದಲ್ಲಿ ಎಳೆದರೆ ಬಿಡುತ್ತೆ. ಅಡಿಯ ಫೋಮ್ ಮಡಚಿ. ಮೊಳೆಯ ಸಾಲು ಇದ್ದಲ್ಲಿ ಜಂತೆ. ಮೈನ್ ಸ್ವಿಚ್ ಆಫ್ ಮಾಡಿ. ಹಳೇ ಮನೆಗಳಲ್ಲಿ ಜಂತೆಗೇ ಕಚ್ಚು ಕೊರೆದು ವೈರ್ ಎಳೆದಿರೋದುಂಟು. ಒಂದಿಂಚು ಹಲಗೆಗೆ ಎರಡಿಂಚಿನ ಸ್ಕ್ರೂ ಸಾಕು. ಹಳೇ ಮರ ಕಲ್ಲು, ಮೊದಲು ಡ್ರಿಲ್ಲಲ್ಲಿ ತೂತು ಹಾಕಿ ಸ್ಕ್ರೂಗೆ ಬಟ್ಟೆ ಸೋಪು ತಿಕ್ಕಿ. ಸೋಪಿಲ್ಲದೆ ತಿರುಗಿಸಿ ನಾನು ಎಷ್ಟೋ ಸ್ಕ್ರೂ ತಲೆ ಕಿತ್ತುಕೊಂಡಿದ್ದೇನೆ.

ಕಾರ್ಪೆಟ್ ಮೇಲಿಂದ ಹಾಕಿ ತಲೆ ಮುರಿದುಬಿಡೋ ಸ್ಕ್ರೂ ಕಿಟ್ಟೂ ಇದೆ. ಪೈನ್‌ನಂಥ ಮೆತ್ತನೆ ಮರಕ್ಕೆ ಸರಿ, ನಿಮ್ಮಲ್ಲಿ ವೈರ್ ಕಾಣದೆ ಹಾಕೋದು ನನಗೆ ಒಪ್ಪಿಗೆ ಇಲ್ಲ.

ವಿರಾಜಪೇಟೆಯಿಂದ (ಹತ್ತು ದಿನದ ಮೇಲೆ):
ಮೂರು ನಿಂತವು. ನಾಲ್ಕನೆಯದಕ್ಕೆ ಬೆಣೆ ಕೂರೋಕೆ ಜಂತೆಯೇ ಇಲ್ಲ, ಎರಡು ಹಲಗೆಯ ತುದಿ ಬಯಲಲ್ಲೇ ಸೇರಿವೆ.

ಸೋಮವಾರಪೇಟೆ, ಮರಗೆಲಸ:
ಹಾಗಾದರೆ ಆಚೀಚೆ ಜಂತೆಗಳ ನಡುವಿನ ಅಳತೆ ತೆಗೆದು ಅಡ್ಡ ತುಂಡೊಂದು ಕೊಯ್ಸಿ. ಎರಡು ಜಂತೆಗೂ ಬಿಗಿದು, ಒಂದೂವರೆ ಇಂಚಿನ ದಪ್ಪ ಇದ್ದರೆ ಕೆಳಗಿಂದ ಎರಡಿಂಚಿನ ಸ್ಕ್ರೂ ಪ್ರತಿ ಹಲಗೆ ತುದಿಗೂ ಒಂದೊಂದು. ಅದಕ್ಕಿಂತ ಉದ್ದ ಬೇಡ, ಗೆಸ್ಟ್ ಕಾಲಿಗೆ ಚುಚ್ಚೀತು.