ಕಾಫಿ ತೋಟದ ಕೆರೆಯಲ್ಲಿ ಮೀನುಗಳು ನಸುಕಿನಲ್ಲಿ ಮೇಲೆ ಬಂದು ಬಾಯಿ ತೆರೆಯುತ್ತಿವೆ: ಪರಿಹಾರ ಬೇಕು

ತೋಟದಕೆರೆ (ಸುಂಟಿಕೊಪ್ಪ):
ಮಾನ್ಯರೇ, ನಮ್ಮ ತೋಟದ ಕೆರೆ ಸುಮಾರು ಅರ್ಧ ಎಕರೆಯಷ್ಟಿದ್ದು, ಕಳೆದ ಮಳೆಗಾಲದಲ್ಲಿ ಬಿಟ್ಟ ಕಾಟ್ಲಾ, ರೋಹು ಮತ್ತು ಸಾಮಾನ್ಯ ಗೆಂಡೆ ಮೀನುಗಳು ಈಗ ಹಿಡಿಯುವ ಗಾತ್ರಕ್ಕೆ ಬಂದಿವೆ. ಬೇಸಿಗೆಯ ನೀರಾವರಿಯ ನಂತರ ಸರಾಸರಿ ಒಂದು ಮೀಟರ್ ನೀರು ಮಾತ್ರ ಉಳಿದಿದೆ. ಮೇ ತಿಂಗಳಿಡೀ ದಟ್ಟ ಹಸಿರಾಗಿದ್ದ ನೀರು ಈ ವಾರದ ಮೋಡ ಮತ್ತು ಮಳೆಯ ನಂತರ ಕಂದು ಬಣ್ಣಕ್ಕೆ ತಿರುಗಿದ್ದು, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆ. ದೊಡ್ಡ ಕಾಟ್ಲಾಗಳು ಸಾಯತೊಡಗಿವೆ. ಬೆಳಿಗ್ಗೆ ಪಿಎಚ್ (ನೀರಿನ ಹುಳಿ-ಕ್ಷಾರ ಗುಣದ ಅಳತೆ) 6.3 ಇದೆ. ಸುಟ್ಟ ಸುಣ್ಣ ಹಾಕಿ ಪಿಎಚ್ ಏರಿಸಬಹುದೇ?

ಗೆಂಡೆಮಿತ್ರ (ಗೋಣಿಕೊಪ್ಪ):
ದಯವಿಟ್ಟು ಸುಟ್ಟ ಸುಣ್ಣವನ್ನು ಈಗ ಹಾಕಬೇಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ. ಮೊದಲು ಮೂರು ವಿಷಯಗಳು ತಿಳಿಯಬೇಕು: ಸಂಜೆ ನಾಲ್ಕರ ಹೊತ್ತಿಗೆ ಪಿಎಚ್ ಎಷ್ಟಿರುತ್ತದೆ, ನೀರಿನ ಒಟ್ಟು ಕ್ಷಾರೀಯತೆ (ಹುಳಿಯನ್ನು ತಟಸ್ಥಗೊಳಿಸುವ ಶಕ್ತಿ) ಎಷ್ಟು, ಮತ್ತು ಕೆರೆಯ ಮೇಲ್ಭಾಗದ ಇಳಿಜಾರಿನಲ್ಲಿ ಇತ್ತೀಚೆಗೆ ಏನನ್ನಾದರೂ ಸಿಂಪಡಿಸಿದ್ದೀರಾ? ಉತ್ತರ ಬರುವವರೆಗೆ ಮೇವು ಮತ್ತು ಸಗಣಿ ಎರಡನ್ನೂ ನಿಲ್ಲಿಸಿ. ಕಾಫಿಗೆ ನೀರು ಹಾಯಿಸುವ ಪಂಪ್‌ಸೆಟ್ಟಿನಿಂದ ಕೆರೆಯ ನೀರನ್ನೇ ಎತ್ತಿ, ಸ್ಪ್ರಿಂಕ್ಲರ್ ಜೆಟ್ಟಿನ ಮೂಲಕ ಕೆರೆಯ ಮೇಲೆಯೇ ಬೀಳುವಂತೆ ನಡುರಾತ್ರಿ ಎರಡರಿಂದ ಬಿಸಿಲು ಏರುವವರೆಗೆ ಓಡಿಸಿ. ಆಮ್ಲಜನಕ ಅತ್ಯಂತ ಕಡಿಮೆಯಾಗುವುದು ಆ ಹೊತ್ತಿನಲ್ಲೇ.

ತೋಟದಕೆರೆ:
ಪಂಪ್ ಓಡಿಸಿದ ಮೇಲೆ ಸಾವು ಕಡಿಮೆಯಾಗಿದೆ, ಧನ್ಯವಾದಗಳು. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ಕ್ಷಾರೀಯತೆ ಲೀಟರಿಗೆ 15 ಮಿಲಿಗ್ರಾಂ ಬಂದಿದೆ. ಸಂಜೆಯ ಪಿಎಚ್ ಮೇ ತಿಂಗಳಲ್ಲಿ 9ರವರೆಗೆ ಹೋಗುತ್ತಿತ್ತು, ಈಗ 6.6 ಮಾತ್ರ. ಕೆರೆಯ ಮೇಲಿನ ಕರಿಮೆಣಸಿಗೆ ಮಳೆಗೆ ಮೊದಲು ಶೇಕಡಾ 1ರ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಶಿಲೀಂಧ್ರನಾಶಕ) ಹೊಡೆಸಿದ್ದೆವು. ಡ್ರಮ್ಮುಗಳನ್ನು ಕೆರೆಯ ದಂಡೆಯಲ್ಲೇ ತೊಳೆಯಲಾಗಿತ್ತು.

ಗೆಂಡೆಮಿತ್ರ:
ತಮ್ಮ ಉತ್ತರದಲ್ಲಿ ಅತ್ಯಂತ ಮುಖ್ಯವಾದ ಅಂಕಿ 15. ಇಪ್ಪತ್ತಕ್ಕಿಂತ ಕಡಿಮೆ ಕ್ಷಾರೀಯತೆಯ ನೀರಿಗೆ ಪಿಎಚ್ ಏರಿಳಿತವನ್ನು ತಡೆದುಕೊಳ್ಳುವ ಶಕ್ತಿ ಬಹಳ ಕಡಿಮೆ. ಹಗಲಿನಲ್ಲಿ ಪಾಚಿಯು ಇಂಗಾಲದ ಡೈಆಕ್ಸೈಡನ್ನು ಹೀರಿದಾಗ ಪಿಎಚ್ 9ಕ್ಕೆ ಏರುತ್ತದೆ. ರಾತ್ರಿ ಎಲ್ಲ ಜೀವಿಗಳೂ ಉಸಿರಾಡುವಾಗ ಮತ್ತೆ 6ರ ಸಮೀಪಕ್ಕೆ ಇಳಿಯುತ್ತದೆ. ಈಗ ಸಂಜೆಯೂ ಪಿಎಚ್ ಏರುತ್ತಿಲ್ಲವೆಂದರೆ ಪಾಚಿಯ ಕೆಲಸವೇ ನಿಂತಿದೆ ಎಂದು ತಿಳಿಯಬೇಕು. ನೀರು ಕಂದಾಗಿರುವುದೂ ಅದನ್ನೇ ಹೇಳುತ್ತದೆ. ಆಮ್ಲಜನಕ ಕೊಡುತ್ತಿದ್ದ ಪಾಚಿ ಸತ್ತು ಕೊಳೆಯುತ್ತಾ, ಇದ್ದ ಆಮ್ಲಜನಕವನ್ನೂ ತಿನ್ನುತ್ತಿದೆ. ದೊಡ್ಡ ಮೀನುಗಳು ಮೊದಲು ಸಾಯುವುದು ಸಾಮಾನ್ಯವಾಗಿ ಆಮ್ಲಜನಕದ ಕೊರತೆಯ ಲಕ್ಷಣ. ನೇರ ವಿಷವಾಗಿದ್ದರೆ ಮರಿಗಳೇ ಮೊದಲು ಹೋಗುತ್ತವೆ.

ಪಾಚಿ ಸತ್ತಿದ್ದಕ್ಕೆ ಮೋಡವೂ ಕಾರಣವಿರಬಹುದು, ಆದರೆ ಬೋರ್ಡೋದ ತಾಮ್ರವನ್ನು ನಾನು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ. ಕೊಳದಲ್ಲಿ ಪಾಚಿ ಕೊಲ್ಲಲು ಮೈಲುತುತ್ತ (ತಾಮ್ರದ ಸಲ್ಫೇಟ್) ಬಳಸುವವರು ಒಟ್ಟು ಕ್ಷಾರೀಯತೆಯನ್ನು ನೂರರಿಂದ ಭಾಗಿಸಿ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಹಾಕಿಕೊಳ್ಳುತ್ತಾರೆ. ಕ್ಷಾರೀಯತೆ 50ಕ್ಕಿಂತ ಕಡಿಮೆಯಿದ್ದರೆ ಬಳಸಲೇಬಾರದು ಎಂಬ ಎಚ್ಚರಿಕೆಯೂ ಉಂಟು. ತಮ್ಮ ಕೆರೆಯಲ್ಲಿ ಸುಮಾರು 20 ಲಕ್ಷ ಲೀಟರ್ ನೀರಿದೆ ಎಂದುಕೊಂಡರೆ, ಆ ಲೆಕ್ಕದಲ್ಲಿ ಮಿತಿ ಬರುವುದು 300 ಗ್ರಾಂ ಮೈಲುತುತ್ತ. ನೂರು ಲೀಟರ್ ಬೋರ್ಡೋಗೆ ಒಂದು ಕಿಲೋ ಹಾಕುವುದರಿಂದ, ಕೇವಲ 30 ಲೀಟರ್ ದ್ರಾವಣದಲ್ಲಿ ಅಷ್ಟು ಇರುತ್ತದೆ. ಸುಣ್ಣದ ಜೊತೆ ಸೇರಿದ ತಾಮ್ರ ಬಹುಪಾಲು ಕರಗದ ರೂಪದಲ್ಲಿರುತ್ತದೆ ಎಂಬುದು ನಿಜ, ಆದರೆ ಆಮ್ಲೀಯವಾದ ಮೆದು ನೀರಿನಲ್ಲಿ ಅದು ಮೆಲ್ಲನೆ ಕರಗಿ ನೀರಿಗೆ ಸೇರುತ್ತದೆ. ಡ್ರಮ್ಮು ತೊಳೆದ ನೀರು ಕೆರೆಗೆ ಹೋಗದಂತೆ ಬೇರೆ ಗುಂಡಿ ಮಾಡಿಸಲೇಬೇಕು.

ಕರಿಮೆಣಸು (ಸೋಮವಾರಪೇಟೆ):
ಕರಾವಳಿಯ ಸೀಗಡಿ ಕೊಳದವರು ಸುಟ್ಟ ಸುಣ್ಣವನ್ನೇ ಬಳಸುತ್ತಾರಲ್ಲ? ನಮ್ಮಲ್ಲಿ ಬೋರ್ಡೋ ತಯಾರಿಕೆಗೆ ತಂದದ್ದು ಗೋದಾಮಿನಲ್ಲೇ ಇರುತ್ತದೆ.

ಗೆಂಡೆಮಿತ್ರ:
ಅವರು ಅದನ್ನು ಹೆಚ್ಚಾಗಿ ಹಾಕುವುದು ಕೊಳವನ್ನು ಬರಿದು ಮಾಡಿ ಒಣಗಿಸಿದಾಗ, ತಳದ ಮಣ್ಣಿಗೆ. ಜೊತೆಗೆ ಸಮುದ್ರದ ನೀರಿನ ಕ್ಷಾರೀಯತೆಯೇ ಸುಮಾರು 120ರಷ್ಟಿರುವುದರಿಂದ ಅಲ್ಲಿನ ಪ್ರಮಾಣವನ್ನು ಕೊಡಗಿನ ಮಳೆನೀರಿನ ಕೆರೆಗೆ ತರುವಂತಿಲ್ಲ. ಇಲ್ಲಿ ಇನ್ನೊಂದು ಅಪಾಯವೂ ಇದೆ. ಪಾಚಿ ಕೊಳೆಯುವಾಗ ಅಮೋನಿಯಾ ಸೇರುತ್ತದೆ. ಪಿಎಚ್ 7ರ ಆಸುಪಾಸಿನಲ್ಲಿ ಅದರಲ್ಲಿ ವಿಷಕಾರಿ ರೂಪ ಶೇಕಡಾ 1ಕ್ಕಿಂತ ಕಡಿಮೆ, ಆದರೆ ನಮ್ಮ ಬೆಚ್ಚಗಿನ ನೀರಿನಲ್ಲಿ ಪಿಎಚ್ 9 ತಲುಪಿದರೆ ಮೂರನೇ ಒಂದು ಭಾಗವನ್ನೂ ಮೀರುತ್ತದೆ. ಸುಟ್ಟ ಸುಣ್ಣ ಪಿಎಚ್ಚನ್ನು ಒಮ್ಮೆಲೇ ಅಲ್ಲಿಗೆ ಏರಿಸಬಲ್ಲದು.

ಹಾಕಬೇಕಾದದ್ದು ಕಾಫಿ ಗಿಡಗಳಿಗೆ ಬಳಸುವ ಕೃಷಿ ಸುಣ್ಣ, ಅಂದರೆ ಸುಡದ ಸುಣ್ಣಕಲ್ಲಿನ ನುಣ್ಣನೆಯ ಪುಡಿ. ಡೋಲೊಮೈಟ್ ಆದರೂ ನಡೆಯುತ್ತದೆ. ಇದು ಪಿಎಚ್ಚನ್ನು ಸುಮಾರು 8.3ರ ಆಚೆಗೆ ಒಯ್ಯುವುದಿಲ್ಲವಾದ್ದರಿಂದ ಮೀನು ಇರುವಾಗಲೂ ಹಾಕಬಹುದು, ಮತ್ತು ಕ್ಷಾರೀಯತೆ ಏರಿದಂತೆ ಕರಗಿದ ತಾಮ್ರದ ವಿಷವೂ ತಗ್ಗುತ್ತದೆ. ಲೆಕ್ಕದ ಪ್ರಕಾರ 15ರಿಂದ 50ಕ್ಕೆ ಏರಿಸಲು 70 ಕಿಲೋ ಸಾಕು, ಆದರೆ ನಮ್ಮ ಹುಳಿಮಣ್ಣಿನ ಕೆಸರು ಬಹಳಷ್ಟನ್ನು ತಾನೇ ತೆಗೆದುಕೊಳ್ಳುತ್ತದೆ. ಆದ್ದರಿಂದ 200 ಕಿಲೋವನ್ನು ಮೂರು ಕಂತುಗಳಲ್ಲಿ, ಕೆರೆಯ ಎಲ್ಲ ಭಾಗಗಳಿಗೂ ಬೀಳುವಂತೆ ಎರಚಿ.

ತೋಟದಕೆರೆ:
ಹಾಗೆಯೇ ಮಾಡುತ್ತೇವೆ. ಹೊಸ ಮರಿಗಳನ್ನು ಜುಲೈನಲ್ಲಿ ಬಿಡಬಹುದೇ?

ಗೆಂಡೆಮಿತ್ರ:
ಕೊನೆಯ ಕಂತಿನ ಎರಡು ಮೂರು ವಾರಗಳ ನಂತರ ಕ್ಷಾರೀಯತೆಯನ್ನು ಮತ್ತೆ ಅಳೆಯಿರಿ. ಅದು 40 ದಾಟಿ, ಸಂಜೆಯ ಪಿಎಚ್ ಬೆಳಗಿನದಕ್ಕಿಂತ ಸ್ಪಷ್ಟವಾಗಿ ಏರತೊಡಗಿದ್ದರೆ, ಕೆಲವೇ ಮರಿಗಳನ್ನು ಹಾಪಾ ಬಲೆಯಲ್ಲಿ (ನೀರಿನೊಳಗೆ ಕಟ್ಟುವ ತೊಟ್ಟಿಯಾಕಾರದ ಬಲೆ) ಎರಡು ದಿನ ಇಟ್ಟು ನೋಡಿ ಉಳಿದವನ್ನು ಬಿಡಿ. ಜುಲೈ ಮಳೆಗೆ ಕೋಡಿ ಹರಿದರೆ ಹಾಕಿದ ಸುಣ್ಣದ ಒಂದಷ್ಟು ಭಾಗ ನೀರಿನೊಂದಿಗೆ ಹೋಗುವುದರಿಂದ, ಅಕ್ಟೋಬರಿನಲ್ಲಿ ಇನ್ನೊಮ್ಮೆ ಅಳೆದು, ಕಡಿಮೆ ಬಿದ್ದಷ್ಟನ್ನು ತುಂಬಿದ ಮೇಲೆಯೇ ಸಗಣಿ ಹಾಕಲು ಪ್ರಾರಂಭಿಸಿ.