ಸಹಾಯ ಬೇಕು: ಅಮ್ಮನಿಗಾಗಿ ಕನ್ನಡ ಕೀರ್ತನೆಗಳ ಆಡಿಯೋ

ಎಲ್ಲರಿಗೂ ವಂದನೆಗಳು. ನನ್ನ ಅಕ್ಕ ಇಸ್ರೇಲಿನಲ್ಲಿ ವೃದ್ಧರೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅಲ್ಲಿ ಸೈರನ್ ಮೊಳಗಿದ ಸುದ್ದಿ ಬಂದರೆ ಇಲ್ಲಿ ಉಡುಪಿಯಲ್ಲಿ ಅಮ್ಮನಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಅವಳ ಫೋನ್ ಬರುವವರೆಗೆ ಸತ್ಯವೇದದ (ಬೈಬಲಿನ) 121ನೇ ಕೀರ್ತನೆ ಹೇಳಿಕೊಳ್ಳುತ್ತಾ ಕೂರುತ್ತಾರೆ. ಕಾಯುವವನು ತೂಕಡಿಸುವುದಿಲ್ಲ ಎಂಬ ಮಾತಿಗೆ ಬರುವಷ್ಟರಲ್ಲಿ ಕೈನಡುಕ ನಿಲ್ಲುತ್ತದೆ. ನಾವು ಹೇಳುವ ಯಾವ ಸಮಾಧಾನವೂ ಅಷ್ಟು ಧೈರ್ಯ ಕೊಟ್ಟಿಲ್ಲ.

ಈಗ ಕಣ್ಣಿಗೆ ಪೊರೆ ಬಂದು ಓದಲಾಗುತ್ತಿಲ್ಲ. 23, 46, 91ನೇ ಕೀರ್ತನೆಗಳನ್ನೂ ಯೋಹಾನನ ಸುವಾರ್ತೆಯ 14ನೇ ಅಧ್ಯಾಯವನ್ನೂ ಸತ್ಯವೇದದ ಹಳೆಯ ಅನುವಾದದಿಂದ ನಿಧಾನವಾಗಿ ಓದಿದ ಆಡಿಯೋ ಯಾರ ಬಳಿಯಾದರೂ ಇದೆಯೇ? ಹಿನ್ನೆಲೆ ಸಂಗೀತ ಬೇಡ, ಮಾತು ಕೇಳಿಸುವುದಿಲ್ಲ ಎನ್ನುತ್ತಾರೆ. ಪೌಲನು ಸೆರೆಮನೆಯಿಂದ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ಸಿಕ್ಕರಂತೂ ದೊಡ್ಡ ಉಪಕಾರ. ಸಂಜೆ ಫೋನಿನಲ್ಲಿ ಅಮ್ಮನ ಜೊತೆ ಪ್ರಾರ್ಥಿಸಬಲ್ಲವರಿದ್ದರೆ ದಯವಿಟ್ಟು ಮೆಸೇಜ್ ಮಾಡಿ.